‘ಉಯ್ಸಾ’ ಎಂದರೆ ಯಾರು? ಕೊರಿಯಾದ ಹೋರಾಟಗಾರ ವೈದ್ಯರನ್ನು ದಾಖಲೆಗಳಲ್ಲಿ ಹುಡುಕುವ ಬಗೆ

1909ರ ಅಕ್ಟೋಬರ್ 26ರಂದು ಹಾರ್ಬಿನ್ ರೈಲು ನಿಲ್ದಾಣದಲ್ಲಿ ಜಪಾನಿನ ರಾಜಕಾರಣಿ ಇತೊ ಹಿರೊಬುಮಿಯನ್ನು ಗುಂಡಿಕ್ಕಿ ಕೊಂದ ಕೊರಿಯಾದ ಸ್ವಾತಂತ್ರ್ಯ ಹೋರಾಟಗಾರ ಆನ್ ಜುಂಗ್‌ಗನ್ ವೈದ್ಯರಲ್ಲ. ಹಾಗಿದ್ದರೂ ಕೊರಿಯನ್ ಪುಟವೊಂದನ್ನು ಯಂತ್ರಾನುವಾದಕ್ಕೆ ಕೊಟ್ಟಾಗ ‘ಡಾಕ್ಟರ್ ಆನ್’ ಎಂದು ಬಂದರೆ ಬೆರಗಾಗಬೇಡಿ. ಕೈಕೊಡುವುದು ‘ಉಯ್ಸಾ’ ಎಂಬ ಪದ. ಕೊರಿಯನ್ನರ ಹಂಗುಲ್ ಲಿಪಿಯಲ್ಲಿ ವೈದ್ಯನನ್ನೂ ‘ಉಯ್ಸಾ’ ಎಂದೇ ಬರೆಯುತ್ತಾರೆ, ನಾಡಿಗಾಗಿ ಆಯುಧ ಹಿಡಿದು ಜೀವ ಕೊಟ್ಟ ವೀರನನ್ನೂ ‘ಉಯ್ಸಾ’ ಎಂದೇ ಬರೆಯುತ್ತಾರೆ. ಎರಡರ ಚೀನೀ ಅಕ್ಷರಗಳು (ಕೊರಿಯನ್ನರು ಅವನ್ನು ಹಾಂಜಾ ಅನ್ನುತ್ತಾರೆ) ಪೂರ್ತಿ ಬೇರೆ. ಮೊದಲನೆಯದರಲ್ಲಿ ‘ವೈದ್ಯ’ ಎಂಬ ಅಕ್ಷರವಿದೆ, ಎರಡನೆಯದರಲ್ಲಿ ‘ಧರ್ಮ, ನ್ಯಾಯ’ ಎಂಬರ್ಥದ ಅಕ್ಷರ. 1932ರಲ್ಲಿ ಶಾಂಘೈನಲ್ಲಿ ಬಾಂಬ್ ಎಸೆದ ಯುನ್ ಬೊಂಗ್ಗಿಲ್ ಕೂಡ ಇದೇ ಎರಡನೇ ಅರ್ಥದ ಉಯ್ಸಾ. ಆದ್ದರಿಂದ ಹೆಸರಿನ ಪಕ್ಕ ‘ಉಯ್ಸಾ’ ಕಂಡ ಕೂಡಲೇ ಹಾಂಜಾ ತೆರೆದು ನೋಡುವುದು ಮೊದಲ ಕೆಲಸ. ಅದಾಗುವ ತನಕ ‘ವೈದ್ಯ’ ಎಂದು ಬರೆಯಬೇಡಿ.

ಇದನ್ನು ಇನ್ನಷ್ಟು ಗೋಜಲು ಮಾಡುವವರು ಕಾಂಗ್ ಉಗ್ಯು. 1919ರ ಸೆಪ್ಟೆಂಬರ್ 2ರಂದು ಸಿಯೋಲ್‌ನ ನಾಮ್ದೆಮುನ್ ನಿಲ್ದಾಣದಲ್ಲಿ ಕೊರಿಯಾವನ್ನು ಆಳಲು ಜಪಾನ್ ಕಳಿಸಿದ ಹೊಸ ಗವರ್ನರ್ ಜನರಲ್ ಸೈತೊ ಮಕೊತೊ ಮೇಲೆ ಬಾಂಬ್ ಎಸೆದವರು. ಸೈತೊ ಬದುಕಿಕೊಂಡ, ಕಾಂಗ್ ಅವರನ್ನು 1920ರ ನವೆಂಬರ್ 29ರಂದು ಸೊದೇಮುನ್ ಜೈಲಿನಲ್ಲಿ ಗಲ್ಲಿಗೇರಿಸಲಾಯಿತು. ವೃತ್ತಿಯಿಂದ ಅವರು ನಾಡವೈದ್ಯರು, ಗಿಡಮೂಲಿಕೆ ಮದ್ದು ಕೊಡುತ್ತಿದ್ದವರು. ಅಂದರೆ ಎರಡೂ ಅರ್ಥದಲ್ಲಿ ಉಯ್ಸಾ. ಆದರೆ ಹೆಸರಿನ ಮುಂದೆ ಜನ ಗೌರವದಿಂದ ಹಚ್ಚುವ ಉಯ್ಸಾ ಮಾತ್ರ ವೀರನ ಅರ್ಥದ್ದು.

ಹೀಗೆ ದಾರಿ ತಪ್ಪಿಸುವವು ಇನ್ನೂ ಮೂರಿವೆ. ‘ಡಾ. ರೀ’ ಎಂದು ಕಾಣುವ ಸಿಂಗ್ಮನ್ ರೀ ಪಿಎಚ್‌ಡಿ ಡಾಕ್ಟರ್. ಕೊರಿಯನ್‌ನಲ್ಲಿ ಇದು ‘ಪಾಕ್ಸಾ’, ವೈದ್ಯಕ್ಕೂ ಇದಕ್ಕೂ ಸಂಬಂಧವಿಲ್ಲ. ಜೆಯಾಮ್ನಿ ಹಳ್ಳಿಯಲ್ಲಿ 1919ರ ಏಪ್ರಿಲ್ 15ರಂದು ಜಪಾನಿ ಸೈನಿಕರು ಜನರನ್ನು ಚರ್ಚಿನೊಳಗೆ ಕೂಡಿ ಸುಟ್ಟದ್ದನ್ನು ಫೋಟೊ ಸಮೇತ ಹೊರಜಗತ್ತಿಗೆ ತಿಳಿಸಿದ ಫ್ರಾಂಕ್ ಸ್ಕೋಫೀಲ್ಡ್ ಸೆವೆರನ್ಸ್ ವೈದ್ಯ ಕಾಲೇಜಿನಲ್ಲಿ ಬ್ಯಾಕ್ಟೀರಿಯಾ ವಿಜ್ಞಾನ ಕಲಿಸುತ್ತಿದ್ದ ಕೆನಡಾದವರು ನಿಜ, ಆದರೆ ಓದಿದ್ದು ಪಶುವೈದ್ಯ. ಇನ್ನು 1919ರ ಮಾರ್ಚ್ 1ರ ಸ್ವಾತಂತ್ರ್ಯ ಘೋಷಣಾಪತ್ರದ 33 ಮಂದಿ ಸಹಿದಾರರಲ್ಲಿ ‘ಸೆವೆರನ್ಸ್‌ನವರು’ ಎಂದು ಬರುವ ಈ ಗಾಪ್ಸೊಂಗ್ (‘ಈ’ ಅವರ ಮನೆತನದ ಹೆಸರು) ಆಸ್ಪತ್ರೆಯ ಔಷಧ ವಿಭಾಗದಲ್ಲಿ ಕೆಲಸಕ್ಕಿದ್ದವರು. ಇವರ ಪಾತ್ರ ಸಣ್ಣದೆಂದಲ್ಲ. ಆದರೆ ವೈದ್ಯರ ಪಟ್ಟಿಗೆ ಇವರನ್ನು ಸೇರಿಸಿದರೆ ಪಟ್ಟಿಯೇ ಹಾಳು.

ಶುರು ಮಾಡುವುದು ಪರವಾನಗಿಯಿಂದ

ಹೋರಾಟದ ಕಥೆಯಿಂದ ಶುರು ಮಾಡಿ ಹಿಂದಕ್ಕೆ ಹೋಗುವವರೇ ಹೆಚ್ಚು. ಉಲ್ಟಾ ಮಾಡಿ. ವೈದ್ಯನೊಬ್ಬ ಎರಡು ಬಗೆಯ ಕಾಗದ ಬಿಟ್ಟುಹೋಗುತ್ತಾನೆ: ಒಂದು ಕಾಲೇಜು ಮತ್ತು ಪರವಾನಗಿಯದು, ಇನ್ನೊಂದು ಪೊಲೀಸರದು. ಮೊದಲನೆಯದು ಒಣಕಲು, ಆದರೆ ಸುಳ್ಳು ಹೇಳುವುದು ಕಡಿಮೆ. ಅದನ್ನು ಗೂಟದಂತೆ ನೆಟ್ಟುಕೊಂಡು ಆಮೇಲೆ ಎರಡನೆಯದಕ್ಕೆ ಕೈಹಾಕಿದರೆ ಹೆಸರು, ಊರು, ವಯಸ್ಸು ಎಲ್ಲವನ್ನೂ ತಾಳೆ ನೋಡಬಹುದು.

ಇದಕ್ಕೆ ಕಾಲೇಜುಗಳ ಕಾಲಾನುಕ್ರಮ ಕೈಯಲ್ಲಿರಬೇಕು. 1885ರಲ್ಲಿ ಅರಸನ ಆಶ್ರಯದಲ್ಲಿ ಹೊರೇಸ್ ಆಲನ್ ತೆರೆದ ಆಸ್ಪತ್ರೆ ಜೆಜುಂಗ್‌ವೊನ್. 1904ರಲ್ಲಿ ಅದು ಸೆವೆರನ್ಸ್ ಆಸ್ಪತ್ರೆಯಾಯಿತು. ಆಲಿವರ್ ಏವಿಸನ್ ಕೈಕೆಳಗೆ ಓದಿದ ಮೊದಲ ತಂಡ ಪದವಿ ಪಡೆದದ್ದು 1908ರ ಜೂನ್ 3ರಂದು. ಏಳೇ ಮಂದಿ. ಗೃಹ ಇಲಾಖೆ ಅವರಿಗೆ ಕೊಟ್ಟ ಪರವಾನಗಿಗಳ ಸಂಖ್ಯೆ 1ರಿಂದ 7. ಆ ಏಳರಲ್ಲಿ ಕಿಮ್ ಪಿಲ್ಸುನ್, ಪಾಕ್ ಸೊಯಾಂಗ್, ಜು ಹ್ಯೊನ್ಚಿಕ್, ಶಿನ್ ಚಾಂಗ್ಹಿ ಮುಂದೆ ಹೋರಾಟದ ಕಡತಗಳಲ್ಲಿ ಕಾಣಿಸಿಕೊಳ್ಳುತ್ತಾರೆ. ಸರ್ಕಾರಿ ಕಡೆ 1907ರ ದೇಹಾನ್ ಆಸ್ಪತ್ರೆ 1910ರಲ್ಲಿ ಗವರ್ನರ್ ಜನರಲ್ ಆಸ್ಪತ್ರೆಯಾಯಿತು. ಕ್ಯೊಂಗ್‌ಸೊಂಗ್ ವೈದ್ಯಕೀಯ ಕಾಲೇಜು (ಕ್ಯೊಂಗ್‌ಸೊಂಗ್ ಎಂದರೆ ಆಗಿನ ಸಿಯೋಲ್) ಶುರುವಾದದ್ದು 1916ರಲ್ಲಿ. ಸಾಮ್ರಾಜ್ಯ ವಿಶ್ವವಿದ್ಯಾಲಯದ ವೈದ್ಯ ವಿಭಾಗ 1926ರದ್ದು. 1919ರ ಘಟನೆಯಲ್ಲಿ ‘ವಿಶ್ವವಿದ್ಯಾಲಯದ ವೈದ್ಯ ವಿದ್ಯಾರ್ಥಿ’ ಎಂದು ಯಾರಾದರೂ ಬರೆದಿದ್ದರೆ ಅಲ್ಲಿಗೇ ಪೆನ್ಸಿಲ್ ಗೀಟು ಹಾಕಿ.

ಇಲ್ಲೊಂದು ಗುಂಡಿಯಿದೆ: ಪದವಿಯ ವರ್ಷ ಬೇರೆ, ಪರವಾನಗಿಯ ವರ್ಷ ಬೇರೆ. 1913ರ ನವೆಂಬರ್‌ನಲ್ಲಿ ವಸಾಹತು ಸರ್ಕಾರ ವೈದ್ಯರ ನಿಯಮ ತಂದ ಮೇಲೆ ಸೆವೆರನ್ಸ್‌ನಂಥ ಖಾಸಗಿ ಕಾಲೇಜಿನವರು ಸರ್ಕಾರಿ ಪರೀಕ್ಷೆಯನ್ನೂ ಪಾಸಾಗಬೇಕಿತ್ತು; 1923ರಲ್ಲಿ ಕಾಲೇಜಿಗೆ ಮಾನ್ಯತೆ ಸಿಕ್ಕ ಮೇಲಷ್ಟೇ ಅದು ತಪ್ಪಿದ್ದು. ಎರಡು ವರ್ಷಗಳ ನಡುವೆ ಅಂತರ ಕಂಡರೆ ‘ಭೂಗತನಾಗಿದ್ದ’ ಎಂದು ಊಹಿಸಬೇಡಿ, ಬರೀ ಪರೀಕ್ಷೆಯಲ್ಲಿ ಫೇಲಾಗಿರಬಹುದು. ವೈದ್ಯ ಪರವಾನಗಿಗಳು ಗವರ್ನರ್ ಜನರಲ್ ಗೆಜೆಟ್‌ನಲ್ಲಿ ಅಚ್ಚಾಗುತ್ತಿದ್ದವು. ಗೆಜೆಟ್ ಕೊರಿಯಾದ ಸಾರ್ವಜನಿಕ ಡಿಜಿಟಲ್ ಸಂಗ್ರಹಗಳಲ್ಲಿದೆ. ಹಾಂಜಾ ಹೆಸರು ಹಾಕಿ ಹುಡುಕಬೇಕು.

1913ರದೇ ಇನ್ನೊಂದು ನಿಯಮ ನಾಡವೈದ್ಯರನ್ನು ‘ಉಯ್ಸೇಂಗ್’ ಎಂಬ ಕೆಳಗಿನ ದರ್ಜೆಗೆ ಇಳಿಸಿತು. ಉಯ್ಸಾದ ಕೊನೆಯ ‘ಸಾ’ ಗುರು ಎಂಬರ್ಥದ ಅಕ್ಷರ, ‘ಸೇಂಗ್’ ಎಂದರೆ ಶಿಷ್ಯ, ವಿದ್ಯಾರ್ಥಿ. ತಲೆ ನರೆತ ಪಂಡಿತನನ್ನು ಕಾಗದದ ಮೇಲೆ ವಿದ್ಯಾರ್ಥಿ ಮಾಡಿದ್ದು ಬೇಕೆಂದೇ ಮಾಡಿದ ಅವಮಾನ. ಅನುವಾದದಲ್ಲಿ ಇದು ‘ವೈದ್ಯ ವಿದ್ಯಾರ್ಥಿ’ ಎಂದು ಬರುತ್ತದೆ. ತೀರ್ಪಿನಲ್ಲಿ ‘ವೈದ್ಯ ವಿದ್ಯಾರ್ಥಿ, ವಯಸ್ಸು 58’ ಎಂದು ಕಂಡರೆ ಅಚ್ಚಿನ ತಪ್ಪಲ್ಲ, ಉಯ್ಸೇಂಗ್.

ನರ್ಸ್ ಮತ್ತು ಸೂಲಗಿತ್ತಿಯರ ಹೆಸರು ವೈದ್ಯರ ಪಟ್ಟಿಯಲ್ಲಿ ಸಿಗುವುದಿಲ್ಲ, ಹಾಗಾಗಿ ಅವರು ಕಥೆಯಿಂದಲೇ ಜಾರಿಹೋಗುತ್ತಾರೆ. ಗವರ್ನರ್ ಜನರಲ್ ಆಸ್ಪತ್ರೆಯಲ್ಲಿ ಕೆಲಸಕ್ಕಿದ್ದ ಪಾಕ್ ಜಾಹ್ಯೆ 1919ರ ಮಾರ್ಚ್‌ನಲ್ಲಿ ಗಾಯಾಳುಗಳನ್ನು ಕಂಡು ಸಹೋದ್ಯೋಗಿ ನರ್ಸ್‌ಗಳ ‘ಗಾನುಹ್ವೆ’ ಎಂಬ ಗುಂಪು ಕಟ್ಟಿದರು. ಸೆವೆರನ್ಸ್‌ನ ನರ್ಸ್ ಈ ಜೊಂಗ್ಸುಕ್ ದೇಶಪ್ರೇಮಿ ಮಹಿಳಾ ಸಂಘದ ರೆಡ್ ಕ್ರಾಸ್ ವಿಭಾಗದ ಹೊಣೆ ಹೊತ್ತಿದ್ದರು. ಇವರನ್ನು ಹುಡುಕಲು ಪರವಾನಗಿಗಿಂತ ತೀರ್ಪಿನ ಕಡತಗಳೇ ಒಳ್ಳೆಯದು. ‘ರೆಡ್ ಕ್ರಾಸ್’ ಎಂಬ ಪದವನ್ನೇ ಹಾಕಿ ಹುಡುಕಿ: 1919ರ ಜುಲೈನಲ್ಲಿ ಹೋರಾಟಗಾರರು ಶಾಂಘೈನಲ್ಲಿ ಕಟ್ಟಿಕೊಂಡಿದ್ದ ಹಂಗಾಮಿ ಸರ್ಕಾರದ ಆಶ್ರಯದಲ್ಲಿ ಹುಟ್ಟಿದ ಕೊರಿಯಾ ರೆಡ್ ಕ್ರಾಸ್‌ಗೆ ಚಂದಾ ಎತ್ತುವುದೇ ಅಪರಾಧವಾಗಿತ್ತು.

ತಾರೀಖು, ವಯಸ್ಸು

ಒಂದು ಕಾಗದದ ಮೇಲೆ ಇದನ್ನು ಬರೆದು ಮೇಜಿಗೆ ಅಂಟಿಸಿಕೊಳ್ಳಿ. ಜಪಾನಿ ಕಡತಗಳಲ್ಲಿ ಇಸವಿ ಇರುವುದು ಚಕ್ರವರ್ತಿಯ ಆಳ್ವಿಕೆಯ ಶಕೆಯಲ್ಲಿ: ಮೇಜಿ ಶಕೆಯ ವರ್ಷಕ್ಕೆ 1867 ಕೂಡಿಸಬೇಕು, ತೈಶೊಗೆ 1911, ಶೋವಾಗೆ 1925. ಕೊರಿಯಾ ಸಾಮ್ರಾಜ್ಯದ ಗ್ವಾಂಗ್ಮು ವರ್ಷಕ್ಕೆ 1896, ಯುಂಗ್ಹಿಗೆ 1906. ಹೋರಾಟಗಾರರು ಜಪಾನಿನ ಶಕೆ ಬಳಸುತ್ತಿರಲಿಲ್ಲ: ಮಾರ್ಚ್ ಒಂದರ ಘೋಷಣಾಪತ್ರದಲ್ಲಿರುವುದು ಕೊರಿಯಾದ ಪುರಾಣದ ಮೂಲದೊರೆ ದಾಂಗುನ್ ಹೆಸರಿನ ಶಕೆಯ 4252, ಅದರಿಂದ 2333 ಕಳೆದರೆ 1919. ಹಂಗಾಮಿ ಸರ್ಕಾರದ ಕಾಗದಗಳಲ್ಲಿ ‘ಮಿಂಗುಕ್ 2’ ಎಂದಿದ್ದರೆ 1918 ಕೂಡಿಸಿ, 1920. ತೈಶೊ 15 ಮತ್ತು ಶೋವಾ 1 ಎರಡೂ 1926. ವರ್ಷದ ಕೊನೆಯ ವಾರದಲ್ಲಷ್ಟೇ ಶೋವಾ ಬಂದದ್ದು.

ಕೊರಿಯಾ 1896ರ ಜನವರಿ 1ರಂದು ಸೌರಮಾನ ತಾರೀಖಿಗೆ ಬದಲಾಯಿತು. ಈ ವೈದ್ಯರಲ್ಲಿ ಬಹಳಷ್ಟು ಜನ ಅದಕ್ಕೆ ಮುಂಚೆ ಹುಟ್ಟಿದವರು, ಆದ್ದರಿಂದ ಅವರ ಜನ್ಮದಿನ ಚಾಂದ್ರಮಾನದ್ದು. ಚಾಂದ್ರ ವರ್ಷದ ಕೊನೆಯ ತಿಂಗಳಲ್ಲಿ ಹುಟ್ಟಿದವರ ಇಸವಿ ಒಂದು ಮುಂದಕ್ಕೆ ಹೋಗುವುದುಂಟು. ವಯಸ್ಸೂ ಅಷ್ಟೇ: ಹುಟ್ಟಿದಾಗಲೇ ಒಂದು, ಪ್ರತಿ ಹೊಸವರ್ಷಕ್ಕೆ ಇನ್ನೊಂದು. 1855ರಲ್ಲಿ ಹುಟ್ಟಿದ ಕಾಂಗ್ ಉಗ್ಯು ಬಾಂಬ್ ಎಸೆದಾಗ ನಮ್ಮ ಲೆಕ್ಕದಲ್ಲಿ 64, ಅವರ ಲೆಕ್ಕದಲ್ಲಿ 65. ಎರಡೂ ಸರಿ. ನಿಮ್ಮ ಬರಹದುದ್ದಕ್ಕೂ ಒಂದೇ ಲೆಕ್ಕ ಇರಲಿ.

ಪೊಲೀಸ್ ಮತ್ತು ಕೋರ್ಟಿನ ಕಡತ

ತೀರ್ಪುಗಳು ಕೊರಿಯಾದ ರಾಷ್ಟ್ರೀಯ ದಾಖಲೆಭಂಡಾರದಲ್ಲಿ ಸಿಗುತ್ತವೆ. ತೀರ್ಪಿನ ತಲೆಯಲ್ಲಿ ಮೂಲ ನೋಂದಣಿ ಊರು, ವಾಸದ ಊರು, ವೃತ್ತಿ, ಹೆಸರು, ವಯಸ್ಸು ಇರುತ್ತದೆ. ಆಮೇಲೆ ಆದೇಶ, ಅದರ ಕೆಳಗೆ ಕಾರಣ. ನಾವು ಓದಬೇಕಾದ್ದು ಕಾರಣದ ಭಾಗ, ಆದರೆ ಅದು ಪ್ರಾಸಿಕ್ಯೂಷನ್ ಕಣ್ಣಿನಿಂದ ಬರೆದದ್ದು ಎಂಬುದು ನೆನಪಿರಲಿ. ಮೂಲ ನೋಂದಣಿ ಊರನ್ನು ಹುಟ್ಟೂರು ಎಂದು ಬರೆಯುವ ತಪ್ಪು ಎಲ್ಲ ಕಡೆಯೂ ಇದೆ. ಅದು ಕುಟುಂಬದ ದಾಖಲೆ ಇರುವ ಊರು, ಆಸಾಮಿ ಅಲ್ಲಿ ಕಾಲಿಟ್ಟೇ ಇಲ್ಲದಿರಬಹುದು.

ಶಿಕ್ಷೆಯ ಪ್ರಮಾಣದಿಂದ ಪಾತ್ರದ ತೂಕ ಅಳೆಯಬೇಡಿ. 1907ರ ಭದ್ರತಾ ಕಾನೂನಿನಲ್ಲಿ ಹೆಚ್ಚೆಂದರೆ ಎರಡು ವರ್ಷ. ಮಾರ್ಚ್ ಚಳವಳಿ ಹಬ್ಬಿದ ಮೇಲೆ, 1919ರ ಏಪ್ರಿಲ್ 15ರಂದು, ಹತ್ತು ವರ್ಷದವರೆಗೆ ಹಾಕಬಹುದಾದ ಆಜ್ಞೆ ಸಂಖ್ಯೆ 7 ಬಂತು. 1925ರಿಂದ ಶಾಂತಿಪಾಲನಾ ಕಾನೂನು. ಒಂದೇ ಕೆಲಸಕ್ಕೆ ಮಾರ್ಚ್‌ನಲ್ಲಿ ಸಿಕ್ಕಿಬಿದ್ದವನಿಗೆ ಎಂಟು ತಿಂಗಳು, ಬೇಸಿಗೆ ಕಳೆದು ಸಿಕ್ಕವನಿಗೆ ಮೂರು ವರ್ಷ ಆಗಬಹುದಿತ್ತು. ಸಿಯೋಲ್‌ನ ವಿದ್ಯಾರ್ಥಿಗಳ ದೊಡ್ಡ ಮೊಕದ್ದಮೆಯ ತೀರ್ಪು ಬಂದದ್ದು 1919ರ ನವೆಂಬರ್ 6ರಂದು. ಅಷ್ಟರಲ್ಲಿ ಅವರು ತಿಂಗಳುಗಟ್ಟಲೆ ಜೈಲಲ್ಲಿ ಕಳೆದಿದ್ದರು. ಕ್ಯೊಂಗ್‌ಸೊಂಗ್ ವೈದ್ಯ ಕಾಲೇಜಿನ ಕಿಮ್ ಹ್ಯೊಂಗ್ಗಿ ಈ ತೀರ್ಪಿನಲ್ಲಿದ್ದಾರೆ. ಅದೇ ಕಾಲೇಜಿನ ಮುಂದಾಳು ಹಾನ್ ವಿಗೊನ್ ತಪ್ಪಿಸಿಕೊಂಡು ಶಾಂಘೈಗೆ ಹೋದವರು. ತೀರ್ಪಿನಲ್ಲಿ ಹೆಸರಿಲ್ಲ ಎಂದರೆ ಭಾಗವಹಿಸಲಿಲ್ಲ ಎಂದಲ್ಲ, ಸಿಗಲಿಲ್ಲ ಎಂದೂ ಆಗಬಹುದು.

ಇಂಥ ಕಡೆ ಕಾಲೇಜು ಕಡತದ ಖಾಲಿ ಜಾಗವೇ ಮಾತಾಡುತ್ತದೆ. ಯು ಸಾಂಗ್‌ಗ್ಯು 1916ರಲ್ಲಿ ಕ್ಯೊಂಗ್‌ಸೊಂಗ್ ವೈದ್ಯ ಕಾಲೇಜು ಸೇರಿದವರು. ಪದವಿ ಮುಗಿಸಿದ್ದು 1927ರಲ್ಲಿ. ಹನ್ನೊಂದು ವರ್ಷ! ದಡ್ಡರಾಗಿರಲಿಲ್ಲ. 1919ರ ಚಳವಳಿಗೆ ಇಳಿದು, ಶಾಂಘೈಗೆ ಹೋಗಿ ಹೋರಾಟದ ಮುಂದಾಳು ಆನ್ ಚಾಂಗ್ಹೊ ಅವರ ಆಪ್ತ ಸಹಾಯಕರಾಗಿದ್ದು, ಹಿಂದಿರುಗಿ ಮತ್ತೆ ಕಾಲೇಜು ಸೇರಿದ್ದರು. 1936ರಲ್ಲಿ ರೋಗಿಯಿಂದ ತಗುಲಿದ ಸೋಂಕಿನಿಂದ ತೀರಿಕೊಂಡರು. ಸೇರಿದ ವರ್ಷ, ಬಿಟ್ಟ ವರ್ಷ, ಮುಗಿಸಿದ ವರ್ಷ ಎಂದು ಮೂರು ಕಾಲಂ ಮಾಡಿಕೊಂಡರೆ ಇಂಥವರು ತಾವಾಗೇ ಎದ್ದು ಕಾಣುತ್ತಾರೆ.

ಪೊಲೀಸರು ಇಟ್ಟಿದ್ದ ಕಣ್ಗಾವಲು ಚೀಟಿಗಳು 6,264 ಉಳಿದಿವೆ. ಫೋಟೊ, ಎತ್ತರ, ಊರು, ಅಪರಾಧ, ಶಿಕ್ಷೆ ಎಲ್ಲ ಒಂದೇ ಚೀಟಿಯಲ್ಲಿ. ಮುಖ ಬೇಕಾದವರಿಗೆ ಇದು ಚಿನ್ನದ ಗಣಿ, ಆದರೆ ಅದು ಜೈಲಿನಲ್ಲಿ ತೆಗೆದ ಮುಖ ಎಂದು ಫೋಟೊ ಕೆಳಗೆ ಬರೆಯಿರಿ. ದೇಶದ ಹೊರಗಿದ್ದವರ ವಿಷಯ ಜಪಾನಿನ ವಿದೇಶಾಂಗ ಇಲಾಖೆಯ ಕಡತಗಳಲ್ಲಿದೆ, ಏಷ್ಯಾ ಐತಿಹಾಸಿಕ ದಾಖಲೆ ಕೇಂದ್ರದ ಜಾಲತಾಣದಲ್ಲಿ ಪುಕ್ಕಟೆ ಓದಬಹುದು. ಅಲ್ಲಿ ಹೋರಾಟಗಾರರಿಗೆ ಹೆಸರು ‘ಫುತೇ ಸೆಂಜಿನ್’, ಅಂದರೆ ಪುಂಡ ಕೊರಿಯನ್ನರು; ಹುಡುಕಾಟಕ್ಕೆ ಆ ಬೈಗುಳವನ್ನೇ ಹಾಕಬೇಕು. ಆ ತಾಣ ಪ್ರತಿ ದಾಖಲೆಯ ಮೊದಲ 300ರಷ್ಟು ಅಕ್ಷರಗಳನ್ನಷ್ಟೇ ಪಠ್ಯವಾಗಿ ಕೊಡುತ್ತದೆ. ನಿಮ್ಮ ವೈದ್ಯರ ಹೆಸರು ಮೂರನೇ ಪುಟದಲ್ಲಿದ್ದರೆ ಹುಡುಕಾಟಕ್ಕೆ ಸಿಗುವುದಿಲ್ಲ. ಊರು ಮತ್ತು ತಿಂಗಳು ಹಿಡಿದು ಕಡತವನ್ನೇ ಮಗುಚಬೇಕು. ಜಪಾನಿ ತಾಣದಲ್ಲಿ ಸರಳಗೊಳಿಸಿದ ಹೊಸ ಅಕ್ಷರರೂಪ, ಕೊರಿಯನ್ ತಾಣದಲ್ಲಿ ಹಳೆಯ ಪೂರ್ಣರೂಪ ಹಾಕಿ ನೋಡಿ. ‘ವೈದ್ಯ’ ಎಂಬ ಅಕ್ಷರಕ್ಕೇ ಎರಡು ರೂಪಗಳಿವೆ.

ಪತ್ರಿಕೆಗಳಿಗೆ ಬಂದರೆ, 1910ರಿಂದ 1920ರ ತನಕ ಕೊರಿಯಾದೊಳಗೆ ಸರ್ಕಾರಿ ಪತ್ರಿಕೆ ‘ಮೇಇಲ್ ಶಿನ್ಬೊ’ ಬಿಟ್ಟರೆ ಕೊರಿಯನ್ ದಿನಪತ್ರಿಕೆ ಇಲ್ಲವೆಂದೇ ಹೇಳಬೇಕು. ‘ಚೊಸುನ್ ಇಲ್ಬೊ’, ‘ದೊಂಗಾ ಇಲ್ಬೊ’ ಎರಡೂ 1920ರಲ್ಲಿ ಶುರುವಾಗಿ 1940ರಲ್ಲಿ ಮುಚ್ಚಿಸಿಕೊಂಡವು. ‘ದೊಂಗ್ನಿಪ್ ಶಿನ್ಮುನ್’ ಎಂಬ ಹೆಸರಿನಲ್ಲಿ ಎರಡು ಪತ್ರಿಕೆಗಳಿವೆ: 1896ರದ್ದು ಸಿಯೋಲ್‌ನದು, 1919ರದ್ದು ಶಾಂಘೈನದು. ಅಡಿಟಿಪ್ಪಣಿಯಲ್ಲಿ ಊರು ಹಾಕದಿದ್ದರೆ ಓದುಗ ಎಡವುತ್ತಾನೆ.

ಒಂದು ಹೆಸರು ಹಿಡಿದು ಕೊನೆಯವರೆಗೆ

ಈ ತೇಜುನ್ ಅವರನ್ನು ತೆಗೆದುಕೊಳ್ಳೋಣ. ಹೆಸರು ಹಾಕಿದ ಕೂಡಲೇ ಪರದೆ ತುಂಬ ಬರುವುದು ಒಬ್ಬ ಕಥೆಗಾರ. ಹಂಗುಲ್ ಒಂದೇ, ಸರಿ, ಹಾಂಜಾ ನೋಡೋಣವೆಂದರೆ ಮೂರೂ ಅಕ್ಷರ ಒಂದೇ! ಇಲ್ಲಿ ಬೇರ್ಪಡಿಸುವುದು ಊರು ಮತ್ತು ಇಸವಿ: ಕಥೆಗಾರ 1904ರಲ್ಲಿ ಚೊರ್ವೊನ್‌ನಲ್ಲಿ ಹುಟ್ಟಿದವರು, ವೈದ್ಯ 1883ರಲ್ಲಿ ದಕ್ಷಿಣ ಕ್ಯೊಂಗ್‌ಸಾಂಗ್ ಪ್ರಾಂತ್ಯದ ಹಾಮಾನ್‌ನಲ್ಲಿ. ಅಡ್ಡಹೆಸರೂ ನೆರವಾಗುತ್ತದೆ: ವೈದ್ಯರದು ‘ದೇಆಮ್’, ಹೆಬ್ಬಂಡೆ. ‘ಈ ತೇಜುನ್, ದೇಆಮ್’ ಎಂದು ಹಾಕಿದರೆ ಕಥೆಗಾರ ಮರೆಯಾಗುತ್ತಾನೆ.

ಗೂಟ: 1911, ಸೆವೆರನ್ಸ್ ಎರಡನೇ ತಂಡದ ಪದವಿ. ಅದೇ ವರ್ಷ ಗವರ್ನರ್ ಜನರಲ್ ತೆರೌಚಿಯ ಕೊಲೆಗೆ ಸಂಚು ಎಂಬ ಆರೋಪ ಹೊರಿಸಿ ‘105 ಜನರ ಪ್ರಕರಣ’ ಎಬ್ಬಿಸಿದ್ದರು. ಮೊದಲ ತಂಡದ ಕಿಮ್ ಪಿಲ್ಸುನ್ ವರ್ಷದ ಕೊನೆಗೆ ಮಂಚೂರಿಯಾಕ್ಕೆ ಪಾರಾದರು, ಅವರ ಹಿಂದೆಯೇ ಈ ತೇಜುನ್ ಚೀನಾಕ್ಕೆ. ಓಡಿಹೋದವರಾದ್ದರಿಂದ 105ರ ಪಟ್ಟಿಯಲ್ಲಿ ಇವರನ್ನು ಹುಡುಕಿ ಪ್ರಯೋಜನವಿಲ್ಲ. ಮುಂದಿನ ಸುಳಿವು 1912ರಲ್ಲಿ ನಾನ್‌ಜಿಂಗ್‌ನಿಂದ ಆನ್ ಚಾಂಗ್ಹೊಗೆ ಬರೆದ ಪತ್ರ. ಅವರೇ ಬರೆದದ್ದು, ಆ ಕಾಲದ್ದು: ಇದಕ್ಕಿಂತ ಗಟ್ಟಿ ಆಧಾರವಿಲ್ಲ.

1914ರಲ್ಲಿ ಅವರು ಮಂಗೋಲಿಯಾಕ್ಕೆ ಹೋದರು. ಇಲ್ಲಿ ಊರಿನ ಹೆಸರೇ ತೊಡಕು. ಖುರೆ, ಉರ್ಗಾ, ಕೊರಿಯನ್ ದಾಖಲೆಗಳ ‘ಗೊರ್ಯುನ್’, 1924ರ ನಂತರದ ಉಲಾನ್‌ಬಾತರ್, ನಾಲ್ಕೂ ಒಂದೇ ಊರು. ಅಲ್ಲಿ ‘ದೊಂಗುಯ್ ಉಯ್ಗುಕ್’ ಎಂಬ ದವಾಖಾನೆ ತೆರೆದು, ಆಗ ವ್ಯಾಪಕವಾಗಿದ್ದ ಸಿಫಿಲಿಸ್‌ಗೆ ಚಿಕಿತ್ಸೆ ಕೊಟ್ಟು ಹೆಸರಾದರು, ದೊರೆ ಬೊಗ್ದ್ ಖಾನ್‌ನ ವೈದ್ಯರೂ ಆದರು. 1919ರ ಜುಲೈನಲ್ಲಿ ಮಂಗೋಲಿಯಾ ಅವರಿಗೆ ‘ಎರ್ದೆನಿಯಿನ್ ಓಚಿರ್’ ಪದಕ ಕೊಟ್ಟಿತು. ಭೂಪಟ ಬಿಡಿಸಿ ನೋಡಿದರೆ ದವಾಖಾನೆಯ ಬೆಲೆ ತಿಳಿಯುತ್ತದೆ: ಬೀಜಿಂಗ್ ಕಡೆಯಿಂದ ಜಾಂಗ್‌ಜಿಯಾಕೌ ಹಾದು ರಷ್ಯಾಕ್ಕೆ ಹೋಗುವ ದಾರಿಯಲ್ಲೇ ಖುರೆ. ಯಾರು ಬಂದರೂ ಹೋದರೂ ರೋಗಿ ಎನ್ನಬಹುದು. ಮಾಸ್ಕೋ ಹಂಗಾಮಿ ಸರ್ಕಾರಕ್ಕೆ ಕೊಟ್ಟ ನಾಲ್ಕು ಲಕ್ಷ ರೂಬಲ್ ಚಿನ್ನದ ಒಂದು ಪಾಲು ಇದೇ ದಾರಿಯಲ್ಲಿ ಅವರ ಕೈದಾಟಿ ಹೋಯಿತು. ಸಶಸ್ತ್ರ ಹೋರಾಟ ನಡೆಸುತ್ತಿದ್ದ ಉಯ್ಯೊಲ್ದಾನ್ ಗುಂಪಿಗೆ ಹಂಗೇರಿಯ ಬಾಂಬ್ ಕುಶಲಿಯೊಬ್ಬನನ್ನು ಗೊತ್ತುಮಾಡಿದವರೂ ಇವರೇ.

1921ರ ಫೆಬ್ರವರಿಯಲ್ಲಿ ಬ್ಯಾರನ್ ಉಂಗರ್ನ್‌ನ ಬಿಳಿ ಸೇನೆ (ರಷ್ಯಾದ ಬೊಲ್ಶೆವಿಕ್ ವಿರೋಧಿ ಪಡೆ) ಊರು ಹಿಡಿದಾಗ ಅವರನ್ನು ಕೊಂದರು. ರಷ್ಯನ್ ಮೂಲಗಳಿಗೆ ಹೋದರೆ ಹಳೆಯ ಜೂಲಿಯನ್ ತಾರೀಖು ಎದುರಾಗಬಹುದು, 13 ದಿನ ಕೂಡಿಸಿ. ಉಲಾನ್‌ಬಾತರ್‌ನ ಜೈಸಾನ್ ಗುಡ್ಡದ ಬಳಿ 2001ರಲ್ಲಿ ತೆರೆದ ಸ್ಮಾರಕ ಉದ್ಯಾನದಲ್ಲಿರುವುದು ಸಾಂಕೇತಿಕ ಸಮಾಧಿ; ‘ಅವರ ಗೋರಿ’ ಎಂದು ಬರೆಯಬೇಡಿ.

ಇನ್ನು ದಕ್ಷಿಣ ಕೊರಿಯಾ ಸರ್ಕಾರ ಹೋರಾಟಗಾರರಿಗೆ ಕೊಡುವ ಪ್ರಶಸ್ತಿ. ಅವರಿಗೆ 1980ರಲ್ಲಿ ಅಧ್ಯಕ್ಷರ ಪ್ರಶಂಸೆ, 1990ರಲ್ಲಿ ಏಜೊಕ್ ಪದಕ. ಇದನ್ನು ಬಡ್ತಿ ಎಂದುಕೊಳ್ಳಬೇಡಿ, 1990ರಲ್ಲಿ ಪದಕಗಳ ದರ್ಜೆಗಳನ್ನೇ ಮರುವಿಂಗಡಿಸಿದ್ದರು. ಪಾಕ್ ಸೊಯಾಂಗ್ ಅವರಿಗೆ ಗೌರವ ಸಿಕ್ಕದ್ದು 2008ರಲ್ಲಿ, ತೀರಿಕೊಂಡು 68 ವರ್ಷದ ಮೇಲೆ. ಕಟುಕ ಜಾತಿಯೆಂದು ಊರ ಹೊರಗಿಟ್ಟಿದ್ದ ಪೆಕ್ಜೊಂಗ್ ಸಮುದಾಯದಿಂದ ಬಂದು ದೇಶದ ಮೊದಲ ಏಳು ಪರವಾನಗಿ ವೈದ್ಯರಲ್ಲೊಬ್ಬರಾಗಿ, ಮಂಚೂರಿಯಾದ ಗಾಂದೊ ಪ್ರದೇಶದಲ್ಲಿ ಆಸ್ಪತ್ರೆ, ಶಾಲೆ ನಡೆಸುತ್ತ ಹೋರಾಟದ ಪಡೆಯ ವೈದ್ಯಾಧಿಕಾರಿಯಾಗಿದ್ದವರು ಅವರು. ಪದಕ ಯಾವಾಗ ಬಂತು ಎಂಬುದು ಕಾಗದ ಯಾವಾಗ ಸಿಕ್ಕಿತು ಎಂಬುದನ್ನಷ್ಟೇ ಹೇಳುತ್ತದೆ.

ಬರೆಯುವಾಗ

ಮನೆಯವರ ನೆನಪನ್ನು ಬಿಡಬೇಡಿ, ಆದರೆ ಅದರ ಮೇಲೆ ಚೀಟಿ ಅಂಟಿಸಿ. ಕಿಮ್ ಪಿಲ್ಸುನ್ 1919ರಲ್ಲಿ ಮಂಚೂರಿಯಾದ ಚಿಚಿಹಾರ್‌ನಲ್ಲಿ ತೀರಿಕೊಂಡರು. ಜಪಾನಿಯರ ಕಡೆಯವನು ಕೊಟ್ಟ ಹಾಲು ಕುಡಿದು ಸತ್ತರು, ವಿಷ ಹಾಕಿದ್ದರು ಎಂಬುದು ಕುಟುಂಬದಲ್ಲಿ ಉಳಿದುಬಂದ ಮಾತು. ‘ಚಿಚಿಹಾರ್‌ನಲ್ಲಿ ತೀರಿಕೊಂಡರು, ವಿಷಪ್ರಾಶನವೆಂದು ಮನೆಯವರು ನಂಬಿದ್ದರು’ ಎಂದು ಬರೆದರೆ ಎರಡೂ ಉಳಿಯುತ್ತವೆ. ‘ಜಪಾನಿಯರು ವಿಷ ಹಾಕಿ ಕೊಂದರು’ ಎಂದರೆ ಅದು ನಿಮ್ಮ ತೀರ್ಪು.

ಹೆಸರುಗಳನ್ನು ಇಂಗ್ಲಿಷ್ ಕಾಗುಣಿತದಿಂದ ಕನ್ನಡಕ್ಕೆ ಇಳಿಸಬೇಡಿ, ಉಚ್ಚಾರ ಕೇಳಿ ಬರೆಯಿರಿ. ಪಾರ್ಕ್‌ನ ರಕಾರ ಕೊರಿಯನ್‌ನಲ್ಲಿ ಇಲ್ಲವೇ ಇಲ್ಲ, ಅದು ಪಾಕ್. ಲೀ, ರೀ, ಯಿ ಎಲ್ಲ ದಕ್ಷಿಣದ ಇಂದಿನ ಉಚ್ಚಾರದಲ್ಲಿ ಬರೀ ‘ಈ’. ಕನ್ನಡ ವಾಕ್ಯದಲ್ಲಿ ಅದು ಸರ್ವನಾಮದಂತೆ ಕಂಡು ಓದು ತಡವರಿಸುತ್ತದೆ, ಆದ್ದರಿಂದ ಪೂರ್ತಿ ಹೆಸರನ್ನೇ ಬಳಸಿ. ‘ಸಿಯೊ’, ‘ಜಿಯೊ’ ಎಂದು ಎಳೆಯುವ ಸ್ವರಕ್ಕೆ ನಮ್ಮ ಹ್ರಸ್ವ ಒಕಾರ ಸಾಕು: ಸೊ, ಜೊ. ಪತ್ರಿಕೆಗಳಲ್ಲಿ ಬೇರೂರಿದ ಸಿಯೋಲ್ ಒಂದನ್ನು ಹಾಗೇ ಬಿಡಿ. ಜಪಾನಿ ಕಡತಗಳನ್ನು ಇಂಗ್ಲಿಷಿಗೆ ತಂದವರು ಜಪಾನಿ ಓದಿನಂತೆ ಪಾಕ್ ಅನ್ನು ಬೊಕು, ಕಿಮ್ ಅನ್ನು ಕಿನ್, ಕಾಂಗ್ ಅನ್ನು ಕ್ಯೋ ಎಂದು ಬರೆದಿರುತ್ತಾರೆ. 1940ರ ನಂತರದ ದಾಖಲೆಯಾದರೆ ಹೆಸರೇ ಜಪಾನಿಯದಾಗಿ ಬದಲಾಗಿರಬಹುದು. ಆಗ ಪರವಾನಗಿ ಸಂಖ್ಯೆ ಅಥವಾ ನೋಂದಣಿ ಊರು ಹಿಡಿದು ಹೋಗಬೇಕು.

ಅಮೆರಿಕದ ಕಡತಗಳಲ್ಲಿ ಇನ್ನೊಂದು ಆಟ. ಅಲ್ಲಿ 1892ರಲ್ಲಿ ವೈದ್ಯ ಪದವಿ ಪಡೆದ ಮೊದಲ ಕೊರಿಯನ್ ಸೊ ಜೇಪಿಲ್ ಅವರನ್ನು ‘ಸೊ’ ಎಂದು ಹುಡುಕಿದರೆ ಏನೂ ಸಿಗುವುದಿಲ್ಲ. ಮೂರು ಅಕ್ಷರಗಳನ್ನು ಹಿಂದುಮುಂದು ಮಾಡಿ ‘ಪಿಲ್-ಜೇ-ಸೊ’ ಎಂದು ಓದಿ, ಅದನ್ನೇ ಇಂಗ್ಲಿಷ್ ಹೆಸರಿನಂತೆ ತಿದ್ದಿಕೊಂಡಿದ್ದರು. ಫಿಲಿಪ್ ಜೈಸನ್ ಎಂದು ಹಾಕಿ ನೋಡಿ.